ಪುರಸೈವಾಕ್ಕದಲ್ಲಿ ಬರ್ಮದ ಶಾವಿಗೆ

ನಮ್ಮ ಪುರಸೈವಾಕ್ಕಕ್ಕೆ ಆ ಹೆಸರು ಬಂದದ್ದು ಪುರಸು ಮರದಿಂದ ಎಂದು ಇಲ್ಲಿಯ ಹಿರಿಯರು ಹೇಳುತ್ತಾರೆ. ಪುರಸು ಎಂದರೆ ಬೇರೆ ಯಾವುದೂ ಅಲ್ಲ, ನಮ್ಮ ಮುತ್ತುಗ. ಊರಿನಲ್ಲಿ ಮದುವೆ ಮುಂಜಿಗಳಿಗೆ ಊಟದೆಲೆ ಹಚ್ಚುತ್ತಿದ್ದುದು ಈ ಮರದ ಎಲೆಯಿಂದಲೇ. ಹೈರೋಡಿನ ಉದ್ದಕ್ಕೂ ಈಗ ಕಾಣುವುದು ಜವಳಿ ಅಂಗಡಿ, ಪಾತ್ರೆ ಅಂಗಡಿ, ಒಡವೆ ಅಂಗಡಿ. ಮುತ್ತುಗ ನನ್ನ ಕಣ್ಣಿಗಂತೂ ಬಿದ್ದಿಲ್ಲ. ಆದರೂ ಹೆಸರಿನಲ್ಲೇ ಊಟದೆಲೆಯನ್ನು ಇಟ್ಟುಕೊಂಡ ಬಡಾವಣೆಯಲ್ಲಿ ಕುಳಿತು ಊಟದ ವಿಷಯ ಬರೆದರೆ ವಾಚಕರು ಬೇಸರಪಡಲಾರರೆಂದು ನಂಬಿದ್ದೇನೆ.

ತಂದೆಯವರು ತೀರಿಕೊಂಡ ಮೇಲೆ ಅಮ್ಮನನ್ನು ಹಾಸನದ ಕಡೆಯ ನಮ್ಮ ಹಳ್ಳಿಯಿಂದ ಇಲ್ಲಿಗೆ ಕರೆತಂದೆ. ಎಂಟು ತಿಂಗಳಾಯಿತು. ಬರುವಾಗ ಅವಳು ತಂದದ್ದು ಎರಡು ಟ್ರಂಕು, ಮತ್ತು ಹಳೆಯ ಸೀರೆಯಲ್ಲಿ ಸುತ್ತಿದ ಮರದ ಶಾವಿಗೆ ಒರಳು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅದಕ್ಕೆ ಸ್ಥಳವೆಲ್ಲಿ? ಅದು ಅಟ್ಟ ಸೇರಿತು. ಅಮ್ಮ ಒಂದು ಮೂಲೆ ಸೇರಿದಳು. ತಮಿಳು ಬಾರದು, ಕಿಟಕಿ ತೆರೆದರೆ ಎದುರುಮನೆಯ ಗೋಡೆ. ಊಟ ನಾಲ್ಕು ತುತ್ತಿಗೆ ಇಳಿಯಿತು. "ನನ್ನನ್ನು ಊರಿಗೆ ಬಿಟ್ಟು ಬಾ" ಎಂಬುದೊಂದೇ ಮಾತು. ಒರಳನ್ನು ಹಳೆಯ ಸಾಮಾನಿನವನಿಗೆ ಕೊಟ್ಟುಬಿಡೋಣವೆ ಎಂದು ನನ್ನಾಕೆ ಒಮ್ಮೆ ಮೆಲ್ಲಗೆ ಕೇಳಿದಳು. ನಾನೂ ಬೇಡವೆನ್ನಲಿಲ್ಲ. ಆ ವಾರ ಅವನು ಬರಲಿಲ್ಲ, ಅಷ್ಟೆ.

ನನ್ನ ಕಛೇರಿ ಇರುವುದು ರಾಜಾಜಿ ಸಾಲೈಯ ಕಡೆ. ಸಂಜೆ ಫೈಲುಗಳಿಗೆ ಕೈಮುಗಿದು ಹೊರಬಿದ್ದರೆ, ಬೀಚ್ ಸ್ಟೇಷನ್ನಿನ ಎದುರು ಬರ್ಮಾ ಬಜಾರು. ಅದರ ಆಸುಪಾಸಿನ ಬೀದಿಗಳಲ್ಲಿ 'ಅತ್ತೋ' ಗಾಡಿಗಳು. ಅತ್ತೋ ಎಂದರೇನೆಂದು ಕೇಳುವಿರಾ? ಬೇಯಿಸಿ ಆರಿಸಿದ ಶಾವಿಗೆ. ಅದಕ್ಕೆ ಹೆಚ್ಚಿದ ಕೋಸು, ಕರಿದ ಈರುಳ್ಳಿ, ಬೆಳ್ಳುಳ್ಳಿ ಎಣ್ಣೆ, ಹುಣಸೆರಸ, ಮೆಣಸಿನಕಾಯಿ ಪುಡಿ, ಹುರಿದ ಕಡಲೆಯ ಹಿಟ್ಟು ಹಾಕಿ, ಕೈಯಲ್ಲೇ ಕಲಸಿ ಕೊಡುತ್ತಾರೆ. ಜೊತೆಗೆ ಬಿಸಿಬಿಸಿ ಬಾಳೆದಿಂಡಿನ ಸಾರು. ಬರ್ಮೀ ಭಾಷೆಯ 'ಅತೋಕ್' ಎಂಬ ಮಾತಿಗೆ ಕೈಯಲ್ಲಿ ಕಲಸಿದ್ದು ಎಂದೇ ಅರ್ಥ.

ಇದನ್ನು ತಂದವರ ಕಥೆ ಸಣ್ಣದಲ್ಲ. 1937ರವರೆಗೆ ಬರ್ಮ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ. ಮದರಾಸಿನಿಂದ ರಂಗೂನಿಗೆ ಹಡಗು ಹತ್ತಿ ಹೋಗಿ, ಗದ್ದೆ, ಅಂಗಡಿ, ಬಂದರುಗಳಲ್ಲಿ ಬದುಕು ಕಟ್ಟಿದ ತಮಿಳರು ಅಸಂಖ್ಯ. 1962ರಲ್ಲಿ ಅಲ್ಲಿ ಸೈನ್ಯದ ಆಡಳಿತ ಬಂದಿತು; 1964ರಲ್ಲಿ ಅಂಗಡಿಗಳನ್ನು ಸರ್ಕಾರ ವಶಪಡಿಸಿಕೊಂಡಿತು, ದೊಡ್ಡ ನೋಟುಗಳನ್ನು ರದ್ದುಮಾಡಿತು. ಗಳಿಸಿದ್ದನ್ನೆಲ್ಲ ಅಲ್ಲೇ ಬಿಟ್ಟು ಸಾವಿರಾರು ಸಂಸಾರಗಳು ಹಡಗಿನಲ್ಲಿ ಇಲ್ಲಿಗೆ ಮರಳಿದವು. 1969ರಲ್ಲಿ ಅವರಿಗಾಗಿ ಏರ್ಪಟ್ಟದ್ದೇ ಈ ಬರ್ಮಾ ಬಜಾರು. ಗಾಡಿಯವರೊಬ್ಬರನ್ನು ಕೇಳಿದೆ. ಅವರ ತಂದೆ ಹುಟ್ಟಿದ್ದು ರಂಗೂನಿನಲ್ಲಂತೆ. "ಏನೂ ತರಲಿಲ್ಲ ಸಾರ್, ಅಜ್ಜಿಗೆ ಈ ಅಡಿಗೆ ಬರುತ್ತಿತ್ತು" ಎಂದರು, ಕಲಸುತ್ತಲೇ.

ಮೊಟ್ಟೆ ಹಾಕದ ಒಂದು ಪೊಟ್ಟಣ ಕಟ್ಟಿಸಿಕೊಂಡು ರೈಲಿನಲ್ಲಿ ಎಗ್ಮೋರಿಗೆ ಬಂದು ಮನೆ ಸೇರಿದೆ. ಅಷ್ಟರಲ್ಲಿ ಅದು ಮುದ್ದೆಯಾಗಿತ್ತು. ಅಮ್ಮ ಒಂದು ಎಳೆ ಬಾಯಿಗಿಟ್ಟುಕೊಂಡು, "ಕಲಸಿ ಹೊತ್ತಾಗಿದೆ ಕಣೋ. ಇದನ್ನ ಎಲೆ ಮುಂದೆ ಕೂತ ಮೇಲೆ ಕಲಸಬೇಕು. ಯಾರು ಮಾಡಿದ್ದು?" ಎಂದಳು. ಎಷ್ಟೋ ದಿನಗಳ ಮೇಲೆ ಅವಳು ಒಂದು ಪ್ರಶ್ನೆ ಕೇಳಿದ್ದಳು. ಹಡಗಿನ ಕಥೆಯನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾನುವಾರ ಒರಳು ಇಳಿಸು" ಎಂದಳು.

ನನ್ನಾಕೆಯೇ ಅದನ್ನು ತೊಳೆದು ಒರಸಿ, "ಅತ್ತೆ, ಹಿಟ್ಟಿನ ಹದ ನೀವೇ ಹೇಳಬೇಕು" ಎಂದಳು. ಅಮ್ಮ ಹೇಳಿದಳು. ಅರ್ಧ ಕಿಲೋ ಅಕ್ಕಿಹಿಟ್ಟನ್ನು ಉಪ್ಪು, ಒಂದು ಚಮಚ ಎಣ್ಣೆ ಹಾಕಿದ ಕುದಿನೀರಿನಲ್ಲಿ ಮುದ್ದೆಯಂತೆ ತೊಳಸಿ, ನಾದಿ, ಉಂಡೆ ಕಟ್ಟಿ, ಮತ್ತೆ ಕುದಿನೀರಿನಲ್ಲಿ ಬೇಯಿಸಬೇಕು. ಉಂಡೆ ಬಿಸಿಯಿರುವಾಗಲೇ ಒತ್ತಬೇಕು. ಆರಿದರೆ ಒರಳಿನ ಕಣ್ಣಿನಲ್ಲಿ ಇಳಿಯದು. ಒತ್ತುವ ಕೆಲಸ ನನ್ನದಾಯಿತು. ಕುರ್ಚಿಯ ಮೇಲೆ ಕುಳಿತೇ ಬೆಳೆದ ಮೈ; ನಾಲ್ಕನೆಯ ಉಂಡೆಗೆ ಬೆವರು ಇಳಿಯಿತು!

ಊರಿನಲ್ಲಿ ಒತ್ತು ಶಾವಿಗೆಗೆ ಎಳ್ಳುಪುಡಿ, ಬೆಲ್ಲ, ಕಾಯಿಹಾಲು. ಈ ಸಲ ಬರ್ಮದವರ ದಾರಿ. ಶಾವಿಗೆಯನ್ನು ಹರಡಿ ಪೂರ್ತಿ ಆರಲು ಬಿಟ್ಟೆವು. 12 ಎಸಳು ಬೆಳ್ಳುಳ್ಳಿಯನ್ನು 4 ಚಮಚ ಎಣ್ಣೆಯಲ್ಲಿ ಕೆಂಪಗೆ ಹುರಿದು, ಆ ಎಣ್ಣೆಯನ್ನು ಮೊದಲು ಸವರಿದರೆ ಎಳೆಗಳು ಅಂಟುವುದಿಲ್ಲ. ಆಮೇಲೆ ಒಂದು ಬಟ್ಟಲು ಕಡಲೆಕಾಯಿ ಬೀಜ ಹುರಿದು ಮಾಡಿದ ತರಿಪುಡಿ, ಎರಡು ಚಮಚ ಹುರಿಗಡಲೆ ಹಿಟ್ಟು, ಖಾರದಪುಡಿ, ಸಣ್ಣಗೆ ಹೆಚ್ಚಿದ ಕೋಸು. ಹುಣಸೆರಸ ಎಲ್ಲಕ್ಕೂ ಕೊನೆಗೆ, ತಟ್ಟೆಯ ಮುಂದೆ ಕುಳಿತ ಮೇಲೆ. ಮೊದಲೇ ಹಾಕಿದರೆ ಶಾವಿಗೆ ರಸವನ್ನೆಲ್ಲ ಕುಡಿದು ಮುದ್ದೆಯಾಗುತ್ತದೆ. ಸೌಟು ಆಡಿಸಿದರೆ ಎಳೆ ತುಂಡಾಗುತ್ತದೆ, ಕೈಯೇ ಆಗಬೇಕು. ಊರಿನಿಂದ ತಂದಿದ್ದ ಹುಚ್ಚೆಳ್ಳು ಪುಡಿಯನ್ನು ಅಮ್ಮ ಯಾರನ್ನೂ ಕೇಳದೆ ಒಂದು ಚಮಚ ಉದುರಿಸಿದಳು. ಅದರ ಮೇಲೆ ಅದು ಬರ್ಮದ್ದೂ ಆಗಿ ಉಳಿಯಲಿಲ್ಲ, ಹಾಸನದ್ದೂ ಆಗಲಿಲ್ಲ; ರುಚಿ ಮಾತ್ರ ಬಹಳ ಚೆನ್ನಾಗಿತ್ತು.

ಒರಳಿನ ಸದ್ದು ಕೇಳಿ ಪಕ್ಕದ ಮನೆಯ ತಮಿಳು ಅಮ್ಮ ಇಣುಕಿ, "ಸೇವೈಯಾ?" ಎಂದರು. ಅಮ್ಮ ತಲೆಯೆತ್ತಿ, "ಹ್ಞೂ, ಶಾವಿಗೆ" ಎಂದು ಒಂದು ತಟ್ಟೆ ಮುಂದೆ ಚಾಚಿದಳು. ಯಾರೂ ಭಾಷಾಂತರಿಸಬೇಕಾಗಲಿಲ್ಲ. ಮಾರನೆಯ ವಾರ ಆಕೆ ತಮ್ಮ ಮನೆಯ ಹಿಟ್ಟನ್ನೂ ಹೊತ್ತು ತಂದರು.

ಅಮ್ಮ ಪೂರ್ತಿ ಒಗ್ಗಿದಳೆಂದು ಹೇಳಿದರೆ ಸುಳ್ಳಾದೀತು. ಯುಗಾದಿಗೆ ಊರಿಗೆ ಹೋಗಲೇಬೇಕೆನ್ನುತ್ತಾಳೆ; ಕರೆದುಕೊಂಡು ಹೋಗುತ್ತೇನೆ. ಆದರೆ ಊಟದ ಹೊತ್ತಿಗೆ ಈಗ ಕರೆಯಬೇಕಾಗಿಲ್ಲ. ನಾವು ಹೊಟ್ಟೆಪಾಡಿಗಾಗಿ ರೈಲು ಹತ್ತಿ ಬಂದವರು. ಬೇಕೆಂದಾಗ ಒಂದು ರಾತ್ರಿಯಲ್ಲಿ ಊರು ಮುಟ್ಟಬಲ್ಲೆವು. ಹಾಗೆ ಹಿಂದಿರುಗಲಾರದವರೂ ಒಂದು ಅಡಿಗೆಯನ್ನು ಉಳಿಸಿಕೊಂಡು ಈ ಊರಿಗೇ ಅದರ ರುಚಿ ಹತ್ತಿಸಿದ್ದಾರೆ. ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಒರಳಿದ್ದರೆ, ಬರುವ ಭಾನುವಾರ ಇಳಿಸಿ ನೋಡಿ. ಒತ್ತುವುದಕ್ಕೆ ಆಳು ಬೇಕಾದರೆ ನನಗೆ ಹೇಳಿಕಳುಹಿಸಬಹುದು. ಈಗ ಸ್ವಲ್ಪ ಅಭ್ಯಾಸವಾಗಿದೆ.