ಹಿಂದಿನ ಚಕ್ರದ ಹಾದಿ



ಕಬ್ಬು ಅರೆಯುವ ಕಾಲದಲ್ಲಿ ನೀವು ಮಂಡ್ಯ ಸೀಮೆಯ ರಸ್ತೆಗಳಲ್ಲಿ ಪ್ರಯಾಣ ಮಾಡಿದ್ದರೆ, ಹಿಂದೆ ಎರಡು ಟ್ರೇಲರುಗಳನ್ನು ಕಟ್ಟಿಕೊಂಡು ತೂಗುತ್ತ ಸಾಗುವ ಟ್ರಾಕ್ಟರಿನ ಬೆನ್ನಿಗೆ ಸಿಕ್ಕಿಕೊಂಡು ಬೇಸರಪಟ್ಟೇ ಇರುತ್ತೀರಿ. ‘ಎಡಕ್ಕೆ ತಿರುಗಬೇಕಾದ ಈತ ಬಲಕ್ಕೇಕೆ ಸರಿಯುತ್ತಾನೆ? ರಸ್ತೆ ತನ್ನ ಮನೆಯದೆಂದು ತಿಳಿದಿದ್ದಾನೆಯೇ?’ ಎಂದು ನಿಮ್ಮಲ್ಲಿ ಕೆಲವರು ಗೊಣಗಿಕೊಂಡಿರಲೂಬಹುದು. ಆ ಪ್ರಶ್ನೆಗೆ ಉತ್ತರವನ್ನು ನಾನು ಬಹಳ ಹಿಂದೆಯೇ ಕಲಿತೆ. ಅದಕ್ಕಾಗಿ ತೆತ್ತ ಬೆಲೆ ನನ್ನದಲ್ಲ, ನನ್ನ ತಂದೆಯವರದು.

ನಮ್ಮ ಊರು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಹಾದಿಯ ಬದಿಯಲ್ಲಿದೆ. ಕನ್ನಂಬಾಡಿ ಕಟ್ಟೆಯಿಂದ ಹೊರಟ ಇರ್ವಿನ್ ನಾಲೆಯ ನೀರು ಬಂದ ಮೇಲೆ ಈ ಭಾಗದ ಹೊಲಗಳು ಗದ್ದೆಗಳಾದವು. ಆ ನಾಲೆಗೆ ಮುಂದೆ ವಿಶ್ವೇಶ್ವರಯ್ಯನವರ ಹೆಸರಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ತರುವಾಯ ಕಬ್ಬು ನಮ್ಮ ಮನೆಮನೆಯ ಬೆಳೆಯಾಯಿತು. ನನ್ನ ತಂದೆಯವರು ಎತ್ತಿನ ಗಾಡಿಯಲ್ಲಿ ಕಬ್ಬು ಸಾಗಿಸಿಯೇ ನಮ್ಮನ್ನು ಓದಿಸಿದರು. ನಾನು ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದು ಮುಗಿಸಿ ಊರಿಗೆ ಮರಳಿ, 1986ರಲ್ಲಿ ಸಾಲ ಮಾಡಿ ಹಳೆಯದೊಂದು ಟ್ರಾಕ್ಟರನ್ನೂ ಒಂದು ಟ್ರೇಲರನ್ನೂ ಕೊಂಡೆನು. ಬರಿಯ ಟ್ರಾಕ್ಟರನ್ನು ನಾಲ್ಕು ದಿನಗಳಲ್ಲಿ ಓಡಿಸಲು ಕಲಿತವನಿಗೆ, ಹಿಂದೆ ಟ್ರೇಲರು ಸಿಕ್ಕಿಸಿಕೊಂಡರೆ ಏನು ಮಹಾ ವ್ಯತ್ಯಾಸವೆಂಬ ಭಾವನೆಯಿತ್ತು. ವಿದ್ಯೆಗಿಂತ ಮುಂಚೆ ಬರುವುದು ವಿದ್ಯೆಯ ಗರ್ವ.

ಒಂದು ಸಂಜೆ ಖಾಲಿ ಟ್ರೇಲರಿನೊಡನೆ ಮಂಡ್ಯದಿಂದ ಹಿಂದಿರುಗುತ್ತಿದ್ದೆ. ಡಾಂಬರು ರಸ್ತೆಯಿಂದ ಎಡಕ್ಕೆ ತಿರುಗಿ, ಕಿರುಗಾಲುವೆಯ ಸೇತುವೆ ದಾಟಿ ಊರಿಗೆ ಹೋಗಬೇಕು. ಸೇತುವೆಯ ತುದಿಯಲ್ಲಿ ತಂದೆಯವರು ನನಗಾಗಿ ಕಾದು ನಿಂತಿದ್ದರು. ನಾನು ರಸ್ತೆಯ ಎಡ ಅಂಚನ್ನು ಹಿಡಿದೇ ಬಂದು, ಅಂಚಿಗಂಟಿದಂತೆಯೇ ತಿರುಗಿಸಿದೆ. ಟ್ರಾಕ್ಟರಿನ ದೊಡ್ಡ ಚಕ್ರ ಅವರಿಂದ ಒಂದು ಮಾರು ದೂರದಲ್ಲಿ ಹಾದುಹೋಯಿತು. ದಾಟಿದೆನೆಂದು ಮುಂದೆ ನೋಡಿದೆ. ಆದರೆ ಟ್ರೇಲರಿನ ಎಡಚಕ್ರ ನನ್ನ ಹಾದಿಯಲ್ಲಿ ಬರಲಿಲ್ಲ. ಮೂಲೆಯನ್ನು ಕತ್ತರಿಸಿಕೊಂಡು ಬಂದು, ಸೇತುವೆಯ ಮೋಟುಗೋಡೆಗೆ ಒತ್ತಿ ನಿಂತ ತಂದೆಯವರ ಪಾದದ ಮೇಲೆ ಹರಿಯಿತು. ಅವರ ಎರಡು ಬೆರಳುಗಳು ಹೋದವು. ಟ್ರೇಲರು ಖಾಲಿಯಿದ್ದುದರಿಂದ ಪಾದ ಉಳಿಯಿತು.

ತಿಂಗಳೊಪ್ಪತ್ತು ನಾನು ಟ್ರಾಕ್ಟರನ್ನು ಮುಟ್ಟಲಿಲ್ಲ. ಮಾರಿಬಿಡುವುದೆಂದು ನಿಶ್ಚಯಿಸಿದ್ದೆ. ಆಗ ತಂದೆಯವರು ಕಾಲಿಗೆ ಕಟ್ಟಿದ್ದ ಬಟ್ಟೆಯನ್ನು ಇನ್ನೂ ಬಿಚ್ಚಿರಲಿಲ್ಲ. ಒಂದು ಬೆಳಿಗ್ಗೆ ನನ್ನನ್ನು ಕರೆದು ಗಾಡಿ ಹೂಡಿಸಿದರು. ನೀರು ಹಾಯಿಸಿದ ಗದ್ದೆಯ ಬದುವಿನ ಮೂಲೆಯಲ್ಲಿ ತಿರುಗಿಸಲು ಹೇಳಿ, ಹಸಿ ಮಣ್ಣಿನ ಮೇಲೆ ಮೂಡಿದ ಗುರುತುಗಳನ್ನು ಊರುಗೋಲಿನಿಂದ ತೋರಿಸಿದರು. ಎತ್ತಿನ ಗೊರಸಿನ ಸಾಲು ಒಂದು ಕಡೆ, ಚಕ್ರದ ಗೆರೆ ಅದಕ್ಕಿಂತ ಬಹಳ ಒಳಗೆ.

“ನೋಡು ಮಗಾ, ಎತ್ತು ಮೂಲೆ ದಾಟ್ತು ಅಂತ ಚಕ್ರ ದಾಟ್ತು ಅನ್ಕೋಬ್ಯಾಡ. ಎಳೆಯೋದ್ರ ಹಾದಿ ಬ್ಯಾರೆ, ಎಳೆಸ್ಕೊಳೋದ್ರ ಹಾದಿ ಬ್ಯಾರೆ. ನಾವು ಎತ್ನ ಮೂಲೆಯಿಂದ ಆಚ್ಗೆ ಬಿಟ್ಟು ಆಮ್ಯಾಕೆ ತಿರುಗುಸ್ತೀವಿ,” ಎಂದರು. ನನ್ನ ತಪ್ಪಿನ ಬಗ್ಗೆ ಅವರಾಡಿದ ಮಾತು ಅಷ್ಟೇ.

ವಿದ್ಯಾರ್ಥಿನಿಲಯಗಳಲ್ಲಿ ಬೆಳೆದ ವಾಚಕರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಮಕ್ಕಳು ಕೈಕೈ ಹಿಡಿದು ಸಾಲಾಗಿ ಹೋಗುವಾಗ ಮುಂದಿನ ಹುಡುಗ ಮೂಲೆಯಲ್ಲಿ ಅಗಲವಾಗಿಯೇ ತಿರುಗುತ್ತಾನೆ. ಹಿಂದಿನವರು ಎಳೆತಕ್ಕೆ ಸಿಕ್ಕಿ ಒಳಗೆ ಸರಿಯುತ್ತಾರೆ. ಕೊನೆಯ ಪುಟ್ಟ ಹುಡುಗ ಹೂವಿನ ಪಾತಿಯನ್ನೇ ತುಳಿಯುತ್ತಾನೆ. ಬೈಸಿಕೊಳ್ಳುವವನು ಅವನು, ತಪ್ಪು ಮುಂದಿನವನದು. ಟ್ರೇಲರು ಉದ್ದವಾದಷ್ಟೂ, ತಿರುವು ಇಕ್ಕಟ್ಟಾದಷ್ಟೂ ಹಿಂದಿನ ಚಕ್ರ ಹೆಚ್ಚು ಒಳಗೆ ಬರುತ್ತದೆ. ಎರಡು ಟ್ರೇಲರುಗಳಿದ್ದರೆ ಎರಡನೆಯದು ಇನ್ನೂ ಒಳಗೆ. ಆದ್ದರಿಂದ ಎಡಕ್ಕೆ ತಿರುಗುವವನು ಮೊದಲೇ ಸನ್ನೆ ತೋರಿಸಿ, ಎಡಬದಿಯಲ್ಲಿ ಜಾಗ ಉಳಿಸಿಕೊಂಡು, ಮೂಲೆಯನ್ನು ತುಸು ಮೀರಿ ಮುಂದೆ ಹೋಗಿ ಆಮೇಲೆ ತಿರುಗಿಸಬೇಕು. ಹಿಂದಿನ ಚಕ್ರ ಮೂಲೆ ದಾಟುವ ತನಕ ಕಣ್ಣು ಅದರ ಮೇಲಿರಬೇಕು.

ಹಿಂದಕ್ಕೆ ನಡೆಸುವ ಪಾಠವನ್ನು ಲಾರಿ ಓಡಿಸಿ ಪಳಗಿದ್ದ ನನ್ನ ಸೋದರಮಾವ ಸುಗ್ಗಿ ಮುಗಿದ ಕಣದಲ್ಲಿ ಕಲಿಸಿದರು. ಟ್ರೇಲರಿನ ಬಾಲ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಬೇಕು. ಅದು ಸರಿಯಲು ತೊಡಗಿದೊಡನೆ ಮೆಲ್ಲಗೆ ಎಡಕ್ಕೆ ತಂದು ಅದನ್ನು ಹಿಂಬಾಲಿಸಬೇಕು. ತಡಮಾಡಿದರೆ ಎರಡೂ ಮಡಿಸುವ ಚಾಕುವಿನಂತೆ ಮಡಚಿಕೊಳ್ಳುತ್ತವೆ. ನಾನು ಹತ್ತಾರು ಸಲ ಹಾಗೆ ಮಡಚಿದೆ. ಪ್ರತಿಸಲವೂ ಹಿಂದಕ್ಕೆ ತಳ್ಳಿಯೇ ಸರಿಪಡಿಸಲು ಹೆಣಗುತ್ತಿದ್ದೆ. “ಅಳಿಯಾ, ಸೊಟ್ಟಗಾದ ಮೇಲೆ ಹಿಂದುಕ್ಕೆ ತಳ್ಬ್ಯಾಡ. ಮುಂದುಕ್ಕೆ ಬಾ, ನೆಟ್ಗಾಗು, ಮತ್ತೆ ಸುರು ಮಾಡು. ಅದ್ರಾಗೇನು ಅವಮಾನ ಇಲ್ಲ,” ಎನ್ನುತ್ತಿದ್ದರು ಮಾವ. ಎಡಬಲದ ಬ್ರೇಕುಗಳೆರಡನ್ನೂ ಜೋಡಿಸದೆ ರಸ್ತೆಗಿಳಿಯಬಾರದು. ಟ್ರೇಲರಿಗೆ ಬ್ರೇಕಿಲ್ಲದಿದ್ದರೆ ಇಳಿಜಾರಿನಲ್ಲಿ ಹೇರು ಟ್ರಾಕ್ಟರನ್ನೇ ನೂಕುತ್ತದೆ, ಆದ್ದರಿಂದ ಇಳಿಯುವ ಮುನ್ನವೇ ಸಣ್ಣ ಗೇರಿಗೆ ತರಬೇಕು. ಇವೂ ಆ ಕಣದ ಪಾಠಗಳೇ.

ಮುಂದಿನ ಕಬ್ಬಿನ ಕಾಲಕ್ಕೆ ಮೊದಲ ಹೇರು ಇಳಿಸಿ ಬರುವಾಗ, ಅದೇ ಸೇತುವೆಯ ತುದಿಯಲ್ಲಿ, ಅದೇ ಮೋಟುಗೋಡೆಗೆ ಒರಗಿ, ತಂದೆಯವರು ಕೋಲೂರಿ ನಿಂತಿದ್ದುದನ್ನು ಕಂಡೆ. ನನ್ನ ಕೈ ನಡುಗಿತು. ದೂರ ಸರಿಯಿರೆಂದು ಕೂಗಿದೆ. ಅವರು ಅಲುಗಲಿಲ್ಲ. ಗಾಡಿ ನಿಲ್ಲಿಸಿದೆ. ಅವರು ಕೋಲೆತ್ತಿ ‘ಬಾ’ ಎಂದು ಸನ್ನೆ ಮಾಡಿದರು. ರಸ್ತೆಯ ನಡುವಿಗೆ ಸರಿದು, ಮೂಲೆ ಮೀರಿ ಹೋಗಿ, ಹಿಂತಿರುಗಿ ನೋಡುತ್ತ ತಿರುಗಿಸಿದೆ. ಟ್ರೇಲರಿನ ಚಕ್ರ ಅವರಿಂದ ಎರಡು ಮಾರು ದೂರದಲ್ಲಿ ಹಾದುಹೋಯಿತು. ಮನೆಗೆ ಬಂದ ಮೇಲೆ ಅವರು ಆ ವಿಷಯವನ್ನೇ ಎತ್ತಲಿಲ್ಲ. ನನ್ನಲ್ಲಿ ಅವರಿಟ್ಟ ನಂಬಿಕೆಯನ್ನು ಅಂದು ಕಂಡ ನನಗೆ ಊಟ ಸೇರಲಿಲ್ಲ.

ತಂದೆಯವರು ಈಗಿಲ್ಲ. ಟ್ರಾಕ್ಟರನ್ನು ನನ್ನ ಮಗ ನಡೆಸುತ್ತಾನೆ. 2023ರ ಮಾರ್ಚಿಯಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ಬೈಕು, ಆಟೋಗಳೊಡನೆ ಟ್ರಾಕ್ಟರಿನ ಸಂಚಾರವನ್ನೂ ನಿಷೇಧಿಸಲಾಯಿತು. ವೇಗದ ವಾಹನಗಳ ನಡುವೆ ನಿಧಾನದ ಹೇರು ಅಪಾಯವೆಂಬುದು ನಿಜ. ಹೀಗಾಗಿ ಮದ್ದೂರು ಮಂಡ್ಯಗಳ ನಡುವೆ ಕಬ್ಬಿನ ಹೇರಿಗೆ ಪಕ್ಕದ ಸರ್ವೀಸ್ ರಸ್ತೆಯೇ ಗತಿ. ಅಲ್ಲಿ ಕೆಳಸೇತುವೆಗಳ ಇಕ್ಕಟ್ಟಿನ ತಿರುವುಗಳಲ್ಲಿ ಬೈಕು, ಆಟೋ, ಶಾಲೆಯ ಮಕ್ಕಳ ಸೈಕಲ್ಲು ಎಲ್ಲವೂ ಒಟ್ಟಿಗೆ ಸೇರುತ್ತವೆ. ಮಗ ಹೊರಡುವ ಮುನ್ನ ನಾನು ಎರಡನ್ನು ನೋಡುತ್ತೇನೆ: ಕೊನೆಯ ಟ್ರೇಲರಿನ ಬೆನ್ನಿಗೆ ಕೆಂಪು ರಿಫ್ಲೆಕ್ಟರು ಇದೆಯೇ, ಮತ್ತು ಅವನು ಒಮ್ಮೆ ಹಿಂತಿರುಗಿ ನೋಡಿದನೇ ಎಂದು.

ವಾಚಕರೇ, ನಿಮ್ಮಲ್ಲೊಂದು ಅರಿಕೆ. ಹೇರು ಹೊತ್ತ ಟ್ರಾಕ್ಟರು ಎಡಕ್ಕೆ ಸನ್ನೆ ತೋರಿಸಿ ಬಲಕ್ಕೆ ಸರಿದರೆ, ಎಡಬದಿಯಲ್ಲಿ ತೆರೆದ ಆ ಜಾಗವನ್ನು ದಾರಿಯೆಂದು ತಿಳಿದು ನುಗ್ಗಬೇಡಿ. ಅದು ಹಿಂದೆ ಬರುವ ಚಕ್ರಕ್ಕೆಂದು ಬಿಟ್ಟ ಹಾದಿ. ಮುಂದೆ ಕುಳಿತು ಎಳೆಯುವ ಭಾರ ಹೊತ್ತವರು, ಮನೆಯಲ್ಲಾಗಲಿ ರಸ್ತೆಯಲ್ಲಾಗಲಿ, ತಾವು ದಾಟಿದೆವೆಂದು ನಿಶ್ಚಿಂತರಾಗುವಂತಿಲ್ಲ. ಕಟ್ಟಕಡೆಯ ಚಕ್ರ ಮೂಲೆ ದಾಟಬೇಕು.