ಆ ನಾಲ್ಕು ಜನ ಯಾರು?

'ನಾಲ್ಕು ಜನ ಏನಂದಾರು?' ಎಂಬ ಮಾತನ್ನು ಕೇಳದೆ ಬೆಳೆದವರು ನನ್ನ ವಯಸ್ಸಿನವರಲ್ಲಿ ಯಾರೂ ಇರಲಾರರು. ಕ್ರಾಪು ಸ್ವಲ್ಪ ಉದ್ದ ಬಿಟ್ಟರೆ ನಾಲ್ಕು ಜನ. ಅಕ್ಕ ಸೈಕಲ್ ಕಲಿಯುತ್ತೇನೆಂದರೆ ನಾಲ್ಕು ಜನ. ದೀಪಾವಳಿಗೆ ಅಪ್ಪ ಒಂದೇ ತಾನಿನ ಬಟ್ಟೆಯಲ್ಲಿ ನಮಗೆಲ್ಲ ಅಂಗಿ ಹೊಲಿಸುತ್ತಿದ್ದರು. ಜಾತ್ರೆಯಲ್ಲಿ ತಪ್ಪಿಸಿಕೊಂಡರೆ ಹುಡುಕಲು ಸುಲಭ ಎನ್ನುತ್ತಿದ್ದರು. ಒಟ್ಟಿಗೆ ಕೊಂಡರೆ ಅಗ್ಗ ಎಂಬುದು ನಿಜವಾದ ಕಾರಣ.

ನಾನು ಬಿ.ಕಾಂ. ಓದಿದ್ದೂ ಹಾಗೆಯೇ. 1969ರ ಜುಲೈಯಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಹಳ್ಳಿಗಳಿಗೂ ಶಾಖೆಗಳು ಬಂದವು, ಗುಮಾಸ್ತರು ಬೇಕಾದರು. ನಮ್ಮ ಬೀದಿಯ ಹುಡುಗರು ಕಾಮರ್ಸ್ ಸೇರಿದರು, ನಾನೂ ಸೇರಿದೆ. ನಿನಗೇನು ಇಷ್ಟ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ನನ್ನಲ್ಲಿ ಉತ್ತರವಿರಲಿಲ್ಲವೆನ್ನಿ.

ಮೊಮ್ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದಳು. ಒಳ್ಳೆಯ ಅಂಕ ಬಂದಿದೆ. ಪಿಯುಸಿಗೆ ಆರ್ಟ್ಸ್ ತೆಗೆದುಕೊಂಡು ಇತಿಹಾಸ ಓದುತ್ತೇನೆ ಎನ್ನುತ್ತಾಳೆ. ಇಂಜಿನಿಯರಾಗಿರುವ ನನ್ನ ಮಗ, "ಇಷ್ಟು ಮಾರ್ಕ್ಸ್ ಇಟ್ಟುಕೊಂಡು ಆರ್ಟ್ಸಾ? ನಾಲ್ಕು ಜನ ಏನಂದಾರು?" ಎಂದ. ಅವಳು ಸಿಟ್ಟಾಗಲಿಲ್ಲ. ನನ್ನ ಕಡೆ ತಿರುಗಿ, "ಅಜ್ಜ, ಆ ನಾಲ್ಕು ಜನ ಯಾರು?" ಎಂದಳು.

ನಮ್ಮ ಕಾಲದಲ್ಲಿ ಅವರಿಗೆ ಹೆಸರು, ಮುಖ ಎಲ್ಲ ಇತ್ತು. ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಾದರೆ, ಮೊದಲೇ ಖಾತೆಯಿದ್ದವರೊಬ್ಬರು ಪರಿಚಯದ ಸಹಿ ಹಾಕಬೇಕಿತ್ತು. ಸಾಲಕ್ಕೆ ಜಾಮೀನುದಾರರು ಬೇಕಿತ್ತು. ಮ್ಯಾನೇಜರು ಅವರನ್ನು ಕೂರಿಸಿಕೊಂಡು 'ಇವರು ಹೇಗೆ?' ಎಂದು ವಿಚಾರಿಸುತ್ತಿದ್ದರು. 'ನಮ್ಮವರೇ ಸಾರ್, ಸರಿಯಾದ ಮನುಷ್ಯ' ಎಂದರೆ ಅರ್ಧ ಕೆಲಸ ಆದಂತೆ. ಮದುವೆಗೆ ಪಾತ್ರೆ, ಹೆರಿಗೆಗೆ ಗಾಡಿ, ಕೊನೆಗೆ ಹೆಗಲು ಕೊಡುವುದಕ್ಕೂ ಆ ನಾಲ್ಕು ಜನರೇ ಬರಬೇಕು. ಅವರನ್ನು ಎದುರು ಹಾಕಿಕೊಳ್ಳುವುದು ಬಡವರ ಕೈಲಾಗುವ ಮಾತಾಗಿರಲಿಲ್ಲ. ನಮ್ಮ ಹಿರಿಯರದು ಬರೀ ಹೇಡಿತನ ಎನ್ನಲು ಹಾಗಾಗಿ ನನಗೆ ಮನಸ್ಸು ಬರುವುದಿಲ್ಲ. ಅಕ್ಕ ಮಾತ್ರ ಸೈಕಲ್ ಕಲಿಯಲೇ ಇಲ್ಲ.

ಈಗ ಖಾತೆ ತೆರೆಯಲು ಆಧಾರ್, ಪ್ಯಾನ್ ಇದ್ದರಾಯಿತು. ಸಾಲ ಕೊಡುವಾಗ ಸಿಬಿಲ್ ಅಂಕ ನೋಡುತ್ತಾರೆ, 300ರಿಂದ 900ರವರೆಗೆ. ನಿಮ್ಮ ಕ್ರಾಪು ಎಷ್ಟುದ್ದವಿದೆ ಎಂದು ಅದು ಕೇಳುವುದಿಲ್ಲ. ಮಗ ಇರುವುದು ಅಪಾರ್ಟ್‌ಮೆಂಟಿನಲ್ಲಿ. ಎದುರು ಮನೆಯವರ ಹೆಸರೇ ಅವನಿಗೆ ಗೊತ್ತಿಲ್ಲ. ನಾಲ್ಕು ಜನ ಹೋಗಿಬಿಟ್ಟಿದ್ದಾರೆ, ಅವರ ಭಯವೊಂದು ಅವನಲ್ಲಿ ಉಳಿದುಕೊಂಡಿದೆ. ಇದನ್ನು ಅವನಿಗೂ ಹೇಳಿದೆ. "ನಿಮಗೆ ಗೊತ್ತಾಗಲ್ಲಪ್ಪ" ಎಂದು ಮೊಬೈಲ್ ಹಿಡಿದು ಎದ್ದುಹೋದ.

ಮೊಮ್ಮಗಳಿಗೆ, "ಇಷ್ಟವಾದದ್ದನ್ನೇ ಓದು ಮಗಾ. ಆದರೆ ಜ್ವರ ಬಂದರೆ ಗಂಜಿ ತಂದುಕೊಡುವವರು ನಾಲ್ಕು ಜನ ನಿನಗೂ ಬೇಕು" ಎಂದೆ. ಅವಳು ಬೆರಳು ಮಡಚಿ ಎಣಿಸಿದಳು. ಮೂವರು ಗೆಳತಿಯರು ಸಿಕ್ಕರು. "ಮೂವರೂ ಸೈನ್ಸ್ ಸೇರಿದ್ದಾರೆ ಅಜ್ಜ, ಬೇರೆ ಕಾಲೇಜು" ಎನ್ನುವಾಗ ದನಿ ಸ್ವಲ್ಪ ಇಳಿಯಿತು. ಆದರೂ ಅರ್ಜಿಯಲ್ಲಿ ಆರ್ಟ್ಸ್ ಎಂದೇ ತುಂಬಿಸಿದಳು. ಪೋಷಕರ ಸಹಿಯ ಜಾಗ ಇನ್ನೂ ಖಾಲಿ ಇದೆ. ಸೋಮವಾರ ಕೊನೆಯ ದಿನ.