ಸೊನ್ನೆ ವೋಲ್ಟು

ಹೊಲದ ಬೋರಿಗೆ ಕೂಡಿಸಿದ ಮೀಟರಿಗೆ ಮಾಡ್‌ಬಸ್ ಎಂಬ ಭಾಷೆ ಗೊತ್ತು, ಹೊಸ ಟ್ರ್ಯಾಕ್ಟರಿನ ಎಂಜಿನ್ನಿಗೆ ಕ್ಯಾನ್ ಎಂಬುದು ಗೊತ್ತು. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಎರಡನ್ನೂ ‘ಓದು’ ಎಂಬ ಒಂದೇ ಫಂಕ್ಷನ್ನಿನ ಹಿಂದೆ ಕೂರಿಸಿದ ಖುಷಿಗೆ, ಪಾಲಬಾವಿಯ ಈ ತಂಪು ರಾತ್ರಿಗಳಲ್ಲೂ ನನಗೆ ನಿದ್ದೆ ಹತ್ತುತ್ತಿಲ್ಲ. ಲಿನಕ್ಸಿನವರು 2008ರಲ್ಲೇ ಸಾಕೆಟ್‌ಕ್ಯಾನ್ ಸೇರಿಸಿಕೊಂಡರು. ಇಂಟರ್ನೆಟ್ಟಿಗೆ ತೆರೆಯುವಂಥದೇ ಸಾಕೆಟ್ ತೆರೆದರೆ ಸಾಕು, ಎಂಜಿನ್ನಿನ ಒಳಮಾತು ಎಂಟೆಂಟು ಬೈಟುಗಳಾಗಿ ಪರದೆಯ ಮೇಲೆ ಇಳಿಯುತ್ತದೆ. ರುಚಿ ಹತ್ತಿದವನು ಬಿಡಲಾರ.

ಜಗಳ ಇರುವುದು ಈ ‘ಓದು’ ಏನು ಕೊಡಬೇಕು ಎಂಬಲ್ಲಿ. ತಂತಿ ಕಿತ್ತು ಉತ್ತರವೇ ಬಾರದಿದ್ದರೆ ಕೆಲವು ಮಹಾಶಯರ ಪ್ರೋಗ್ರಾಮು ತಣ್ಣಗೆ ಸೊನ್ನೆ ಕೊಟ್ಟು ಸುಮ್ಮನಾಗುತ್ತದೆ. ಎಸಿ ಕೋಣೆಯಲ್ಲಿ ಕೂತವರಿಗೆ ಸೊನ್ನೆ ವೋಲ್ಟು ಅಸಂಭವ ಅನ್ನಿಸಬಹುದು. ನಮ್ಮಲ್ಲಿ ಪಂಪಿನ ಥ್ರೀಫೇಸ್ ಬರುವುದು ಪಾಳಿಯ ಮೇಲೆ. ಸೊನ್ನೆ ಎಷ್ಟೋ ಹೊತ್ತು ಅಪ್ಪಟ ಸತ್ಯ. ‘ಕರೆಂಟ್ ಬಂದೈತೇನೋ ತಮ್ಮಾ?’ ಎಂದು ಕಾಕಾ ಕೇಳಿದರೆ ‘ಇಲ್ಲ ಕಾಕಾ’ ಎನ್ನಲೋ, ‘ಗೊತ್ತಿಲ್ಲ ಕಾಕಾ’ ಎನ್ನಲೋ? ಮೊದಲನೆಯದಕ್ಕೆ ಅವರು ಮಗ್ಗಲು ಬದಲಿಸಿ ಮಲಗುತ್ತಾರೆ. ಎರಡನೆಯದಕ್ಕೆ ಬ್ಯಾಟರಿ ಹಿಡಿದು ಹೊಲಕ್ಕೆ ನಡೆಯುತ್ತಾರೆ.

ಸೊನ್ನೆಗೆ ಇನ್ನೊಂದು ಕಳ್ಳದಾರಿಯೂ ಉಂಟು. ದಶಮಾಂಶದ ಸಂಖ್ಯೆ ಮಾಡ್‌ಬಸ್‌ನಲ್ಲಿ ಎರಡು ರಿಜಿಸ್ಟರು ಹಿಡಿಯುತ್ತದೆ. ಯಾವುದು ಮುಂದೆ ಎಂದು 1979ರಲ್ಲಿ ಮಾಡ್‌ಬಸ್ ಕಟ್ಟಿದ ಪುಣ್ಯಾತ್ಮರು ಗೊತ್ತುಮಾಡಲಿಲ್ಲ. ಒಂದು ಮೀಟರು ಹಾಗೆ, ಒಂದು ಹೀಗೆ. 230 ವೋಲ್ಟು ಎಂದರೆ ಹೆಕ್ಸಿನಲ್ಲಿ 4366, ಆಮೇಲೆ 0000. ಅದಲುಬದಲು ಮಾಡಿ ಓದಿ ನೋಡಿ: ಪರದೆಯ ಮೇಲೆ ದುಂಡಗೆ 0.00!

ಇನ್ನು ಕ್ಯಾನ್. ಮಾಡ್‌ಬಸ್ ಕೇಳಿದರಷ್ಟೇ ಬಾಯಿ ಬಿಡುತ್ತದೆ. ಕ್ಯಾನ್ ಕಟ್ಟೆಯ ಮೇಲಿನ ಹಿರಿಯರಂತೆ ಯಾರೂ ಕೇಳದಿದ್ದರೂ ಹೇಳುತ್ತಲೇ ಇರುತ್ತದೆ. ಹೀಗಾಗಿ ಅಲ್ಲಿಯ ‘ಓದು’ ಬಹಳಷ್ಟು ಸಲ ಒಪ್ಪಿಸುವುದು ಕೊನೆಗೆ ಕಿವಿಗೆ ಬಿದ್ದದ್ದನ್ನು. ಎಂಜಿನ್ ಆರಿಸಿ ಗಂಟೆಯಾದರೂ ಅದು 1800 ಸುತ್ತು ಅಂತಲೇ ಸಾಧಿಸುತ್ತದೆ. ತಂತಿಯನ್ನು ಮರೆಮಾಡಿ, ಬೇಡ ಅನ್ನುವುದಿಲ್ಲ. ವೇಳೆಯನ್ನು ಯಾಕ್ರೀ ಮರೆಮಾಡುತ್ತೀರಿ? ಮೇಲೆ ‘ಇಂಟರ್‌ಫೇಸ್ ಸರಳ ಇರಬೇಕು’ ಎಂಬ ಉಪದೇಶ ಬೇರೆ. ನನ್ನ ‘ಓದು’ ಮೂರು ಕೊಡುತ್ತದೆ: ಅಳತೆ, ಅದು ಬಂದು ಎಷ್ಟು ಮಿಲಿಸೆಕೆಂಡಾಯಿತು, ನಂಬಬಹುದೋ ಇಲ್ಲವೋ. ಭಾರವಾಯಿತು ಅನ್ನುವವರು ರಾತ್ರಿ ಎರಡಕ್ಕೆ ಎದ್ದು ಕಾಕಾನ ಜೊತೆ ಬೋರಿನ ತನಕ ಒಮ್ಮೆ ಹೋಗಿಬರಲಿ.